ಸುಳಿಗೆ ಗೂಟ ಹೊಡೆದ ಮೇಡಂ

ಗುಂಡ್ಲುಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂಗೆ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ನಾನೂ ಹೋಗಿದ್ದೆ. ನಾನು ಭೌತಶಾಸ್ತ್ರ ಓದಿದವನಲ್ಲ, ಆ ಕಾಲೇಜಿಗೆ ಯಾವ ರೀತಿಯಲ್ಲೂ ಸೇರಿದವನಲ್ಲ, ದನದ ಡಾಕ್ಟರು. ಹಿಂದಿನ ಸಾಲಿನಲ್ಲಿ ಕೂತೆ. ಮಾತಾಡಿದವರೊಬ್ಬರು, ‘ಕಲ್ಮಶ ಇದ್ದರೇ ವಸ್ತುವಿಗೆ ಬಲ ಎಂದು ಮೇಡಂ ತೋರಿಸಿಕೊಟ್ಟರು. ಹಾಗೆಯೇ ನಮ್ಮ ಬಾಳಿನ ಕುಂದುಕೊರತೆಗಳೂ...’ ಎಂದು ಶುರು ಮಾಡಿದರು. ನನಗೆ ನಗು ಬಂದುಬಿಟ್ಟಿತು. ಪಕ್ಕದವರು ತಿರುಗಿ ನೋಡಿದರು.

ಮೇಡಂ ನಿವೃತ್ತರಾದ ದಿನ ಅದೇ ಸಭಾಂಗಣದಲ್ಲಿ ಇನ್ನೊಬ್ಬರು ಹೆಚ್ಚುಕಡಿಮೆ ಇದೇ ಮಾತು ಆಡಿದ್ದರು. ಕೊರಳಿಗೆ ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕೂತಿದ್ದ ಮೇಡಂ, ತರಗತಿಯಲ್ಲಿ ತಪ್ಪು ಉತ್ತರ ಕೊಡುವವರನ್ನು ನಿಲ್ಲಿಸುವ ಹಾಗೆ ಕೈ ಎತ್ತಿದರು. ‘ಸರ್, ನಾನು ಹೇಳಿದ್ದು ಅತಿವಾಹಕದ ವಿಷಯ. ಬದುಕಿನ ವಿಷಯ ನಾನು ಅಳತೆ ಮಾಡಿಲ್ಲ. ವಸ್ತುವಿನ ಮಾತೇ ಸಾಕಷ್ಟು ದೊಡ್ಡದು, ಅದಕ್ಕೆ ಇನ್ನೊಂದನ್ನು ಅಂಟಿಸಬೇಡಿ’ ಎಂದರು. ಭಾಷಣಕಾರರು ನೀರು ಕುಡಿದು ಬೇರೆ ವಿಷಯಕ್ಕೆ ಹೋದರು. ಹೀಗೆ ಮಾತನ್ನು ಕತ್ತರಿಸುವಾಗ ಅವರ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ತಪ್ಪನ್ನು ತಿದ್ದುವುದು ಉಪಕಾರ ಎಂದೇ ಅವರು ನಂಬಿದ್ದರು.

ಅವರನ್ನು ಮೊದಲು ಕಂಡದ್ದು ನಾನು ಹಂಗಳದ ಕಡೆ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ. ಒಂದು ಬೆಳಿಗ್ಗೆ ಹಸು ಹಿಡಿದುಕೊಂಡು ಬಂದವರ ಸಾಲಿನಲ್ಲಿ ಒಬ್ಬ ಹೆಂಗಸು ಬರಿಗೈಯಲ್ಲಿ ನಿಂತಿದ್ದರು. ಹತ್ತಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತುರುಬಿನಲ್ಲಿ ಒಂದು ಪೆನ್ಸಿಲ್. ಮುಂದಿದ್ದ ರೈತ ತಿರುಗಿ ಕೇಳಿದ, ‘ನಿಮ್ಮ ಹಸ ಎಲ್ಲಿ ಅಮ್ಮಾರೆ?’

‘ಹಸ ಇಲ್ಲ ಕಣಪ್ಪ. ಡಾಕ್ಟ್ರ ಹತ್ರ ಗ್ಯಾಸ್ ಕೇಳನ ಅಂತ ಬಂದೆ.’

‘ಗ್ಯಾಸ್ ಬೇಕಾದ್ರೆ ಏಜೆನ್ಸಿಗೆ ಓಗಿ. ಇಲ್ಲಿ ದನಗೊಳ್ಗೆ ಸೂಜಿ ಹಾಕದು.’

ಅವರು ಕೇಳುತ್ತಿದ್ದದ್ದು ದ್ರವ ಸಾರಜನಕವನ್ನು. ಹೋರಿಯ ವೀರ್ಯವನ್ನು ಸಣ್ಣ ನಳಿಕೆಗಳಲ್ಲಿ ತುಂಬಿ ನಾವು ಅದರಲ್ಲಿ ಮುಳುಗಿಸಿ ಇಡುತ್ತೇವೆ. ಮುಚ್ಚಳ ತೆರೆದರೆ ಬಿಳಿ ಹೊಗೆ ಉಕ್ಕುತ್ತದೆ, ಬೆರಳಿಟ್ಟರೆ ಸುಟ್ಟಂತೆ ಚರ್ಮ ಕಿತ್ತುಬರುತ್ತದೆ. ಅಷ್ಟು ತಣ್ಣಗಿನ ವಸ್ತು ಇಡೀ ತಾಲ್ಲೂಕಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಹುಡುಕಿ, ಅವರು ದನದ ಆಸ್ಪತ್ರೆಗೆ ಬಂದಿದ್ದರು. ‘ಇದು ಸರ್ಕಾರದ್ದು ಮೇಡಂ, ಹಾಗೆಲ್ಲ ಕೊಡಕ್ಕಾಗಲ್ಲ’ ಎಂದೆ. ‘ನಿಮ್ಮ ಕ್ಯಾನಿಂದ ಬೇಡ. ತುಂಬೋಕೆ ಲಾರಿ ಬರುತ್ತಲ್ಲ, ಅವತ್ತು ನನ್ನ ಕ್ಯಾನನ್ನೂ ತುಂಬಿಸಿ. ದುಡ್ಡು ಕಾಲೇಜಿಂದ ಕಟ್ಟಿಸ್ತೀನಿ, ನಿಮ್ಮ ಮೇಲಿನವರ ಹತ್ರ ಒಪ್ಪಿಗೇನೂ ತರ್ತೀನಿ’ ಎಂದರು. ಇಂಥ ಮಾತು ಬೇಕಾದಷ್ಟು ಕೇಳಿದ್ದೆ. ಆದರೆ ಮುಂದಿನ ಲಾರಿ ಬರುವ ಹೊತ್ತಿಗೆ ಒಪ್ಪಿಗೆ ನನ್ನ ಮೇಜಿನ ಮೇಲಿತ್ತು.

ಅವರು ಚಾಮರಾಜನಗರ ತಾಲ್ಲೂಕಿನ ಉಡಿಗಾಲದವರು. ಮನೆಯವರದು ಅರಿಸಿನ, ರಾಗಿಯ ಬೇಸಾಯ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ ಅಲ್ಲೇ ಅತಿವಾಹಕಗಳ ಮೇಲೆ, ಅಂದರೆ ಬಹಳ ತಣ್ಣಗಾದಾಗ ಒಂದಿಷ್ಟೂ ತಡೆಯಿಲ್ಲದೆ ಕರೆಂಟು ಹರಿಸುವ ವಸ್ತುಗಳ ಮೇಲೆ, ಪಿಎಚ್.ಡಿ. ಮಾಡಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ, ಕೇಳುವಂಥ ಸಂದು ಅವರು ಬಿಡುತ್ತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಬಾಡಿಗೆ ಮನೆ, ಒಂದು ಹಳೆಯ ಸ್ಕೂಟರ್. ತರಗತಿಯಲ್ಲಿ ಅಚ್ಚುಕಟ್ಟಾದ ಕನ್ನಡ, ಹೊರಗೆ ಬಂದರೆ ಉಡಿಗಾಲದ ಮಾತು. ಟೀ ಕುಡಿದು ಮುಗಿಸಿದರೆ ಲೋಟವನ್ನು ಕವುಚಿ ಇಡುವರು. ಯಾರಾದರೂ ಪ್ರಶ್ನೆ ಕೇಳಿದರೆ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಿ, ಆಮೇಲೆ ಉತ್ತರ ಹೇಳುವರು. ಕುಟ್ಟಿದ ಮೇಲೂ ಮಾತು ಬರದಿದ್ದರೆ ಉತ್ತರ ಗೊತ್ತಿಲ್ಲ ಎಂದು ಅರ್ಥ. ‘ಗೊತ್ತಿಲ್ಲ. ನಾಳೆ ಕೇಳು’ ಎನ್ನುವರು. ನಾಳೆ ಹೇಳಿಯೂ ಹೇಳುವರು.

ಆ ವರ್ಷ ಅವರಿಗೆ ಒಂದು ಅವಸರವಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಆರಿಸಿಕೊಳ್ಳುವವರು ವರ್ಷ ವರ್ಷಕ್ಕೂ ಇಳಿಯುತ್ತಿದ್ದರು. ಮುಂದಿನ ಸಾಲಿಗೂ ಮಕ್ಕಳು ಸಾಲದಿದ್ದರೆ ವಿಭಾಗ ಮುಚ್ಚುತ್ತಾರೆ, ನಿಮ್ಮನ್ನು ಬೇರೆ ಊರಿಗೆ ಹಾಕುತ್ತಾರೆ ಎಂದು ಪ್ರಿನ್ಸಿಪಾಲರು ಹೇಳಿದ್ದರು.

‘ನನ್ನನ್ನ ಎಲ್ಲಿಗೆ ಹಾಕಿದ್ರೂ ಪಾಠ ಮಾಡ್ತೀನಿ ಡಾಕ್ಟ್ರೇ’ ಎಂದರು ನನ್ನ ಹತ್ತಿರ. ‘ಮೈಸೂರಿಗೆ ಕಳಿಸೋ ಮನೆಯವರು ಹೆಂಗೂ ಕಳಿಸ್ತಾರೆ. ಕಳಿಸದ ಮನೆ ಮಕ್ಕಳಿಗೆ ಇನ್ನು ಫಿಸಿಕ್ಸೇ ಇಲ್ಲ ಅಂದಂಗಾಯ್ತು. ಅದನ್ನ ನಾನು ಒಪ್ಪಲ್ಲ.’

ಅವರ ಉಪಾಯ ನೇರವಾಗಿತ್ತು. ಸುತ್ತಲಿನ ಊರುಗಳ ಶಾಲೆ, ಪಿಯು ಕಾಲೇಜುಗಳಿಗೆ ಹೋಗುವುದು, ಮಕ್ಕಳ ಕಣ್ಣೆದುರಿಗೆ ಅತಿವಾಹಕದ ಕಪ್ಪು ಬಿಲ್ಲೆಯೊಂದನ್ನು ಸಾರಜನಕದಲ್ಲಿ ತಣಿಸಿ ಅಯಸ್ಕಾಂತದ ಕೆಳಗೆ ಗಾಳಿಯಲ್ಲಿ ನೇತಾಡಿಸುವುದು. ದಾರ ಇಲ್ಲ, ಅಂಟು ಇಲ್ಲ. ಬಿಲ್ಲೆಯನ್ನು ಹೊರಗಿನಿಂದ ತರಿಸುವುದಿಲ್ಲ, ಕಾಲೇಜಿನ ಕುಲುಮೆಯಲ್ಲಿ ನಮ್ಮ ಮಕ್ಕಳೇ ಮಾಡಬೇಕು ಎಂದು ಹಟ.

ಮೊದಲು ತಮ್ಮ ಊರಿಗೇ ಹೋದರು. ಸಾರಜನಕದ ಕ್ಯಾನು ಹೊತ್ತುಕೊಂಡು ನಾನೂ ಜೊತೆಗಿದ್ದೆ. ಉಡಿಗಾಲದ ಶಾಲೆಯ ಅಂಗಳದಲ್ಲಿ ಮಕ್ಕಳ ಹಿಂದೆ ಅರ್ಧ ಊರೇ ನಿಂತಿತ್ತು, ಅವರ ಅಣ್ಣನೂ ಇದ್ದರು. ಥರ್ಮೊಕೋಲ್ ಡಬ್ಬಿಯಲ್ಲಿ ಬಿಲ್ಲೆ ಇಟ್ಟು ಸಾರಜನಕ ಹೊಯ್ದರು, ಹೊಗೆ ಎದ್ದಿತು. ಸಣ್ಣ ಅಯಸ್ಕಾಂತವನ್ನು ಅದರ ಮೇಲೆ ಬಿಟ್ಟಾಗ ಅದು ಬೀಳದೆ ತೇಲಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ಅಲ್ಲಿಗೇ ನಿಲ್ಲಿಸಬಹುದಿತ್ತು. ‘ಇದು ಅರ್ಧ. ಈಗ ಉಲ್ಟಾ ನೇತಾಡುತ್ತೆ ನೋಡಿ’ ಎಂದು, ದೊಡ್ಡ ಅಯಸ್ಕಾಂತವನ್ನು ಬಿಲ್ಲೆಯ ಹತ್ತಿರ ಇಳಿಸಿ ಮೇಲೆತ್ತಿದರು. ಬಿಲ್ಲೆ ಡಬ್ಬಿಯಲ್ಲೇ ಉಳಿಯಿತು. ಮತ್ತೆ ಎತ್ತಿದರು, ಒಂದು ಚೂರು ಏಳುವಂತೆ ಮಾಡಿ ಟಪ್ಪನೆ ಬಿತ್ತು. ಹಿಂದಿನಿಂದ ಯಾರೋ ನಕ್ಕರು.

ಸಾಮಾನು ಕಟ್ಟುವಾಗ ಅಣ್ಣ ಹತ್ತಿರ ಬಂದರು. ‘ಬುಡು ಕಣಮ್ಮಿ. ಇಷ್ಟು ವಯಸ್ಸಾಯ್ತು, ಇನ್ನೂ ಯಾಕೆ ತಲೆ ಕೆಡಿಸ್ಕೊಂಡಿಯೆ.’

‘ಬಿದ್ದದ್ದು ನೋಡ್ದಲ್ಲಣ್ಣ, ನೇತಾಡೋದನ್ನೂ ನೋಡುವಂತೆ. ಎಲ್ಲಿಗೂ ಓಗ್ಬೇಡ.’

ದಾರಿಯಲ್ಲಿ ಯಾಕೆ ಬಿತ್ತು ಎಂದು ಕೇಳಿದೆ. ‘ಜಾಸ್ತಿ ಶುದ್ಧವಾಗಿತ್ತು’ ಎಂದರು. ನನಗೆ ತಮಾಷೆ ಅನ್ನಿಸಿತು. ಅವರು ತಮಾಷೆ ಮಾಡುತ್ತಿರಲಿಲ್ಲ.

ಆ ಬಿಲ್ಲೆಯ ಪುಡಿ ಅರೆದವಳು ಮಾದೇವಿ. ಸತ್ಯಮಂಗಲದ ರಸ್ತೆಯಲ್ಲಿ ಕಾಡಂಚಿಗಿರುವ ಪುಣಜನೂರಿನ ಹುಡುಗಿ, ಕೊನೆಯ ವರ್ಷದ ಡಿಗ್ರಿ, ಹಾಸ್ಟೆಲಿನಲ್ಲಿದ್ದಳು. ಒಂದು ಕಣ ಬೇರೆ ಬಣ್ಣ ಕಂಡರೂ ಮತ್ತೆ ಅರೆಯುವವಳು. ಅರೆಯುವುದು, ಸುಡುವುದು, ಮತ್ತೆ ಅರೆಯುವುದು, ಹೀಗೆ ವಾರಗಟ್ಟಲೆ. ಮರುದಿನ ಪ್ರಯೋಗಾಲಯದಲ್ಲಿ ಮೇಡಂ ಅವಳ ಕೈಗೆ ಹಸಿರು ಪುಡಿಯ ಒಂದು ಡಬ್ಬಿ ಕೊಟ್ಟರು. ಕಪ್ಪು ಪುಡಿ ಮಾಡುವಾಗ ಅಳತೆ ತಪ್ಪಿದರೆ ಹುಟ್ಟುವ ವಸ್ತು ಅದು. ಅದರಲ್ಲಿ ಕರೆಂಟು ಹರಿಯುವುದಿಲ್ಲ.

‘ಇದನ್ನ ಅದರೊಳಗೆ ಬೆರೆಸು.’

‘ಮೇಡಂ, ಅಷ್ಟು ಕಷ್ಟಪಟ್ಟು ಶುದ್ಧ ಮಾಡೀವ್ನಿ. ಈಗ ಕೆಡ್ಸದಾ?’

‘ಶುದ್ಧ ಮಾಡೋಕೆ ಬಂದ್ರೇನೇ ಹದವಾಗಿ ಕೆಡಿಸೋಕೆ ಬರೋದು ಕಣಮ್ಮಿ. ಅದು ನಿನಗೆ ಬಂತು, ಈಗ ಇದು ಕಲಿ.’

ನನಗೂ ಅರ್ಥವಾಗಲಿಲ್ಲ ಎಂದು ಮುಖ ನೋಡಿಯೇ ಅವರಿಗೆ ತಿಳಿಯಿತು. ಗೆಣ್ಣಿನಿಂದ ಮೇಜು ಕುಟ್ಟಿದರು. ‘ಡಾಕ್ಟ್ರೇ, ಅತಿವಾಹಕದೊಳಕ್ಕೆ ಕಾಂತಕ್ಷೇತ್ರ ಸುಮ್ಮನೆ ನುಗ್ಗಲ್ಲ. ದಾರದ ಎಳೆ ಥರ ಸಣ್ಣ ಸಣ್ಣ ಎಳೆಯಾಗಿ ನುಗ್ಗುತ್ತೆ. ಒಂದೊಂದು ಎಳೆ ಸುತ್ತ ಕರೆಂಟು ಸುತ್ತುತ್ತೆ, ಹೊಳೇಲಿ ನೀರು ಸುತ್ತೋ ಹಂಗೆ. ಅದಕ್ಕೆ ಸುಳಿ ಅಂತೀವಿ. ಆ ಸುಳಿಗಳು ಅಲ್ಲಾಡದೆ ನಿಂತ್ರೆ ಬಿಲ್ಲೆ ಮ್ಯಾಗ್ನೆಟ್ಟನ್ನ ಹಿಡ್ಕೊಳುತ್ತೆ. ಸರಿದಾಡಿದ್ರೆ ಹಿಡಿತ ತಪ್ಪುತ್ತೆ, ಒಳಗೆ ಬಿಸಿಯಾಗುತ್ತೆ, ಅತಿವಾಹಕ ಅನ್ನೋ ಹೆಸರಷ್ಟೇ ಉಳಿಯುತ್ತೆ. ಈಗ ಹೇಳಿ, ಬಯಲಲ್ಲಿ ಹಸ ನಿಲ್ಲಿಸ್ಬೇಕಾದ್ರೆ ಏನು ಮಾಡ್ತೀರಿ?’

‘ಗೂಟಕ್ಕೆ ಕಟ್ತೀವಿ.’

‘ಈ ಹಸಿರು ಚುಕ್ಕೆ ಇದೆಯಲ್ಲ, ಅದು ಗೂಟ. ಸುಳಿ ಬಂದು ಅಲ್ಲಿ ಸಿಕ್ಕಿಕೊಳ್ಳುತ್ತೆ. ಇವಳು ಮಾಡಿದ ಬಿಲ್ಲೇಲಿ ಗೂಟವೇ ಇರಲಿಲ್ಲ.’

‘ಎಲ್ಲ ಹಸೂಗೂ ಒಂದೊಂದು ಗೂಟ ಬೇಕಾ?’ ಎಂದೆ. ಆ ಪ್ರಶ್ನೆ ಅವರಿಗೆ ಹಿಡಿಸಿತು. ‘ಬೇಡ. ಒತ್ತೊತ್ತಾಗಿ ನಿಂತಿರ್ತವಲ್ಲ, ಕಟ್ಟಿದ ಹಸ ಅಲ್ಲಾಡದಿದ್ರೆ ಹಿಂದಿಂದೂ ನಿಲ್ಲುತ್ತೆ. ಸುಳಿಗಳಿಗೆ ಸಾಲಾಗಿ ನಿಲ್ಲೋದೇ ಇಷ್ಟ. ಗೂಟ ಎಲ್ಲೆಲ್ಲೋ ಇರೋದ್ರಿಂದ ಸಾಲು ಕೆಡುತ್ತೆ. ಕೆಡ್ಲಿ, ಹಿಡಿತ ಬರುತ್ತೆ. ಆದ್ರೆ ಬಯಲು ತುಂಬ ಗೂಟ ಹೊಡೆದ್ರೆ ಹಸ ನಿಲ್ಲೋಕೆ ಜಾಗ ಎಲ್ಲಿ? ಎಷ್ಟು ಹೊಡೀಬೇಕು ಅನ್ನೋದೇ ಪ್ರಶ್ನೆ. ನನ್ನ ಪಿಎಚ್.ಡಿ. ಅಷ್ಟೇ.’

ಮೊದಲ ಸಲ ಅವರೇ ಅಳತೆ ಹೇಳಿದರು. ಬಂದ ಬಿಲ್ಲೆ ಹಸಿರುಗಪ್ಪಾಗಿತ್ತು. ಸಾರಜನಕ ಹೊಯ್ದರೆ ಅಯಸ್ಕಾಂತ ತೇಲಲೂ ಇಲ್ಲ. ಮಾದೇವಿ ನೆಲ ನೋಡಿದಳು. ‘ತಪ್ಪು ನಂದು. ಜಾಸ್ತಿಯಾಯ್ತು. ನೆಲ ಯಾಕೆ ನೋಡ್ತೀಯ, ಬಿಲ್ಲೆ ನೋಡು’ ಎಂದರು ಮೇಡಂ. ಎರಡನೆಯ ಸಲ ಅಳತೆಯನ್ನು ಮಾದೇವಿಗೇ ಬಿಟ್ಟರು. ಕುಲುಮೆಯ ಕಾವನ್ನು ಬಹಳ ನಿಧಾನಕ್ಕೆ ಇಳಿಸಬೇಕಿತ್ತು, ನಡುವೆ ಕರೆಂಟು ಹೋಗಿ ಬಿಲ್ಲೆ ಬಿರುಕುಬಿಟ್ಟಿತು. ಮೇಡಂ ಕರೆಂಟ್ ಆಫೀಸಿಗೆ ಹೋಗಿ ಇಂಜಿನಿಯರರ ಎದುರು ಒಡೆದ ಬಿಲ್ಲೆಯನ್ನು ಇಟ್ಟು, ಅದೇನು, ಯಾಕೆ ಒಡೆಯಿತು ಎಂದು ಪಾಠವನ್ನೇ ಮಾಡಿದರಂತೆ. ಜಗಳವಾಡಲಿಲ್ಲ. ಆಮೇಲೆ ಲೈನ್ ತೆಗೆಯುವ ಮುಂಚೆ ಅಲ್ಲಿಂದ ಕಾಲೇಜಿಗೆ ಫೋನ್ ಬರತೊಡಗಿತು.

ಪ್ರಿನ್ಸಿಪಾಲರು ಒಮ್ಮೆ ಪ್ರಯೋಗಾಲಯಕ್ಕೆ ಬಂದು ಹಸಿರು ಪುಡಿಯ ಡಬ್ಬಿ ನೋಡಿ, ‘ಕಲಬೆರಕೆ ಮಾಡೋದನ್ನ ಕಾಲೇಜಲ್ಲಿ ಕಲಿಸ್ತಿದ್ದೀರಂತೆ ಮೇಡಂ’ ಎಂದು ನಕ್ಕರು. ‘ಹೌದು ಸರ್. ಅಳೆದು ಮಾಡೋದನ್ನ ಕಲಿಸ್ತಿದ್ದೀನಿ’ ಎಂದು ಇವರು ತಮ್ಮ ಕೆಲಸ ಮುಂದುವರಿಸಿದರು.

ಹೊಸ ಬಿಲ್ಲೆ ಬಂದ ದಿನ ಅವರು ಕಾಲೇಜಿಗೆ ಸಾರಜನಕ ತರಿಸುವಷ್ಟು ಹೊತ್ತು ಕಾಯಲಿಲ್ಲ. ಲಾರಿ ಬಂದಿದೆ ಎಂದು ಗೊತ್ತಾದ ಕೂಡಲೇ ಮಾದೇವಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಮ್ಮ ಆಸ್ಪತ್ರೆಗೆ ಬಂದರು. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ, ಕುಯ್ಲಿನ ಕಾಲ, ಟೆಂಪೊಗಳ ಸಂದಿಯಲ್ಲಿ ನುಸುಳಿಕೊಂಡು ಬಂದರಂತೆ. ಹಸುವನ್ನು ಅಲ್ಲಾಡದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಪಕ್ಕ ಸ್ಟೂಲು ಹಾಕಿ ಅದರ ಮೇಲೆ ಡಬ್ಬಿ ಇಟ್ಟರು. ಸೂಜಿ ಹಾಕಿಸಲು ಬಂದವರೆಲ್ಲ ಸುತ್ತ ನಿಂತರು.

ಮೇಡಂ ಅಯಸ್ಕಾಂತವನ್ನು ಮಾದೇವಿಯ ಕೈಗೆ ಕೊಟ್ಟರು. ‘ನೀನೇ ಎತ್ತು. ನಡುಗಬೇಡ. ಹತ್ತಿರ ಇಳಿಸಿ, ತಣ್ಣಗಾಗೋವರೆಗೂ ಹಿಡಿದು, ಆಮೇಲೆ ಎತ್ತು.’

ಅವಳು ಎತ್ತಿದಳು. ಹೊಗೆಯೊಳಗಿಂದ ಬಿಲ್ಲೆಯೂ ಎದ್ದು ಬಂತು, ಅಯಸ್ಕಾಂತಕ್ಕೆ ತಾಗದೆ, ಒಂದು ಬೆರಳಿನಷ್ಟು ಸಂದು ಬಿಟ್ಟುಕೊಂಡು. ಬಿಲ್ಲೆಯ ಅಂಚಿನಿಂದ ಬಿಳಿ ಹೊಗೆ ಕೆಳಕ್ಕೆ ಇಳಿಯುತ್ತಿತ್ತು. ಒಬ್ಬ ಮುದುಕ ಮುಂದೆ ಬಂದು ‘ದಾರ ಎಲ್ಲೈತೆ?’ ಎಂದ. ಮೇಡಂ ತುರುಬಿನ ಪೆನ್ಸಿಲು ತೆಗೆದು ಅವನ ಕೈಗಿತ್ತರು. ಅವನು ಅದನ್ನು ಸಂದಿನಲ್ಲಿ ಆ ಕಡೆಯಿಂದ ಈ ಕಡೆಗೆ ಆಡಿಸಿ ನೋಡಿ, ‘ಇಲ್ವಲ್ಲ’ ಎಂದು ವಾಪಸು ಕೊಟ್ಟ. ಸ್ವಲ್ಪ ಹೊತ್ತಿಗೆ ಬಿಸಿಯಾಗಿ ಬಿಲ್ಲೆ ಡಬ್ಬಿಗೆ ಬಿತ್ತು. ಮಾದೇವಿಯ ಕಣ್ಣಲ್ಲಿ ನೀರಿತ್ತು. ಮೇಡಂ ಅವಳನ್ನು ಹೊಗಳಲಿಲ್ಲ. ‘ಮತ್ತೊಂದು ಸಲ ಮಾಡು. ಒಂದು ಸಲ ನಿಂತದ್ದು ಲೆಕ್ಕಕ್ಕಿಲ್ಲ’ ಎಂದರು. ಆದರೆ ಆ ದಿನ ಟೀ ಮೂರು ಲೋಟ ಕುಡಿದರು.

ಆಮೇಲೆ ಊರೂರು ಸುತ್ತಿದೆವು. ಪುಣಜನೂರಿಗೆ ಹೋಗುವಾಗ ನನ್ನ ಜೀಪು. ಕಾಡಿನ ನಡುವೆ ಮರಿಯ ಜೊತೆ ಆನೆಯೊಂದು ರಸ್ತೆಗೆ ಬಂದು ನಿಂತಿತು. ಇಂಜಿನ್ ಆರಿಸಿ ಕಾದೆವು. ಕ್ಯಾನಿನೊಳಗೆ ಸಾರಜನಕ ಆರುತ್ತಾ ಇತ್ತು. ಮಾದೇವಿಯೂ ನಾನೂ ಸೀಟಿನಲ್ಲಿ ಕುಗ್ಗಿ ಕೂತೆವು. ಮೇಡಂ ಮಾತ್ರ ಪಿಸುದನಿಯಲ್ಲಿ ಆನೆಯನ್ನು ಬಯ್ಯುತ್ತಿದ್ದರು. ‘ಬೇಗ ದಾಟಮ್ಮಿ, ನನ್ನ ಗ್ಯಾಸು ಆರೋಯ್ತದೆ. ಮಕ್ಕಳು ಕಾದವ್ರೆ.’ ಅವರಿಗೆ ನಿಜಕ್ಕೂ ಇದ್ದ ಚಿಂತೆ ಅದೊಂದೇ.

ಅಲ್ಲಿಯ ಶಾಲೆಯಲ್ಲಿ ಮಾತಾಡಿದವಳು ಮಾದೇವಿ. ಮೇಡಂ ಹಿಂದೆ ಮಕ್ಕಳ ನಡುವೆ ಕೂತಿದ್ದರು. ಹಸು, ಗೂಟ, ಸುಳಿ ಎಲ್ಲವನ್ನೂ ಅವಳು ತನ್ನೂರಿನ ಮಾತಿನಲ್ಲಿ ಹೇಳಿದಳು. ಉಡಿಗಾಲಕ್ಕೂ ಮತ್ತೆ ಹೋದೆವು. ಅಣ್ಣ ಕೈಗೆ ಗೋಣಿ ಬಟ್ಟೆ ಸುತ್ತಿಕೊಂಡು ತಾವೇ ಅಯಸ್ಕಾಂತ ಹಿಡಿದು, ಬಿಲ್ಲೆಯ ಸಮೇತ ನಿಧಾನಕ್ಕೆ ಮಕ್ಕಳ ಮುಂದೆಲ್ಲ ತಿರುಗಿಸಿದರು. ಯಾರೂ ನಗಲಿಲ್ಲ. ಹೊರಡುವಾಗ ಅಣ್ಣ ಒಂದು ಚೀಲ ಅರಿಸಿನ ತಂದು ಜೀಪಿಗೆ ಹಾಕಿದರು.

ಆ ಸಾಲಿನಲ್ಲಿ ವಿಭಾಗ ಉಳಿಯಿತು. ಸೇರಿದವರಲ್ಲಿ ಹೆಚ್ಚಿನವರು ಕಾಡಂಚಿನ ಊರಿನ ಹುಡುಗಿಯರು. ಮಾದೇವಿ ಎಂ.ಎಸ್ಸಿ.ಗೆ ಮೈಸೂರಿಗೆ ಹೋದಳು. ಸುಖಾಂತ ಎಂದು ನಾನು ಹೇಳಿದಾಗ ಮೇಡಂ ಒಪ್ಪಲಿಲ್ಲ. ‘ಈ ವರ್ಷಕ್ಕೆ ನಿಂತಿದೆ. ಮುಂದಿನ ವರ್ಷ ಮತ್ತೆ ನಿಲ್ಲಿಸಬೇಕು’ ಎಂದರು. ನಿವೃತ್ತರಾಗುವವರೆಗೂ ಪ್ರತಿ ವರ್ಷ ಊರೂರು ತಿರುಗಿ ನಿಲ್ಲಿಸಿದರು.

ನಿವೃತ್ತಿಯ ನಂತರ ಚಾಮರಾಜನಗರಕ್ಕೆ ಬಂದು ನೆಲೆಸಿದರು, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ನನಗೂ ಅಲ್ಲಿಗೇ ವರ್ಗವಾಗಿತ್ತು. ಒಂದು ದಿನ ಫೋನ್ ಮಾಡಿ, ‘ಡಾಕ್ಟ್ರೇ, ಬಲಗೈಲಿ ಸೀಮೆಸುಣ್ಣ ನಿಲ್ತಿಲ್ಲ. ತಲೆ ಸ್ಕ್ಯಾನ್ ಮಾಡಿಸಿ ಅಂದವ್ರೆ, ಬನ್ನಿ ಹೋಗನ’ ಎಂದರು. ಅಣ್ಣ ಊರಿನಿಂದ ಬರುವಷ್ಟರಲ್ಲಿ ನಾನು ಕರೆದುಕೊಂಡು ಹೋದೆ. ಬಳೆ, ಓಲೆ, ಕೀಲಿಗೊಂಚಲು, ಪೆನ್ಸಿಲು ಎಲ್ಲವನ್ನೂ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬಹಳ ಹೊತ್ತು ಎಂ.ಆರ್.ಐ. ಯಂತ್ರದ ಬಡಿತ ಹೊರಗೆ ಕೇಳುತ್ತಿತ್ತು.

ಹೊರಗೆ ಬಂದವರು ಸುಸ್ತಾಗಿದ್ದರು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಬೆಂಚಿನ ಮೇಲೆ ಕೂತವರೇ, ಬಾಗಿಲಲ್ಲಿ ನಿಂತಿದ್ದ ಟೆಕ್ನಿಷಿಯನ್ನನ್ನು ಕೇಳಿದರು. ಕೊಳ್ಳೇಗಾಲದ ಕಡೆಯ, ನಡುವಯಸ್ಸಿನ ಮನುಷ್ಯ.

‘ಹೀಲಿಯಂ ಯಾವಾಗ ತುಂಬಿಸ್ತೀರಪ್ಪ?’

‘ಕಂಪನಿಯವ್ರು ಬತ್ತಾರೆ ಅಮ್ಮ. ನಿಮಗೆ ಹೆಂಗೆ ಗೊತ್ತು?’

‘ಒಳಗಿರೋದು ಅತಿವಾಹಕದ ತಂತಿ. ತಣ್ಣಗಿರದಿದ್ರೆ ಕೆಲಸ ಮಾಡಲ್ಲ. ತಣ್ಣಗಿದ್ರೂ, ಬರೀ ಶುದ್ಧವಾಗಿದ್ರೆ ಆಗಲ್ಲ. ಅದನ್ನ ಎಳೆದು, ಕಾಯಿಸಿ, ಮತ್ತೆ ಎಳೆದು, ಒಳಗೆ ಬೇಕಂತಲೇ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ ಹುಟ್ಟಿಸಿರ್ತಾರೆ. ಆ ಚುಕ್ಕೆ ಇಲ್ಲದಿದ್ರೆ ಇಷ್ಟು ದೊಡ್ಡ ಮ್ಯಾಗ್ನೆಟ್ಟು ಮಾಡೋಕೇ ಆಗ್ತಿರಲಿಲ್ಲ, ನನ್ನ ತಲೆ ಫೋಟೋನೂ ಬರ್ತಿರಲಿಲ್ಲ.’

‘ಇಷ್ಟು ವರ್ಷ ಇದರ ಜೊತೆಗೇ ಅವ್ನಿ, ಯಾರೂ ಹೇಳ್ಳಿಲ್ಲ’ ಎಂದು ಅವನು ಎದುರಿಗೆ ಬಂದು ನಿಂತ. ‘ಕಸ ಇದ್ರೆ ಕರೆಂಟಿಗೆ ಅಡ್ಡ ಆಗಲ್ವಾ ಅಮ್ಮ?’

ಒಳ್ಳೆಯ ಪ್ರಶ್ನೆ. ಮೇಡಂ ಎಡಗೈಯ ಗೆಣ್ಣಿನಿಂದ ಬೆಂಚನ್ನು ಕುಟ್ಟಿದರು. ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆದು ಸ್ಕ್ಯಾನ್ ನೋಡುವ ವೈದ್ಯರು ಹೊರಗೆ ಬಂದರು. ಯುವತಿ. ಅವರ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ದನಗಳ ಮಾಲೀಕರ ಎದುರು ನಾನೂ ಎಷ್ಟೋ ಸಲ ಅದೇ ಮುಖ ಮಾಡಿಕೊಂಡು ನಿಂತಿದ್ದೇನೆ. ಮೇಡಂಗೂ ಗೊತ್ತಾಯಿತು, ಒಂದು ಕ್ಷಣ ಅವರನ್ನೇ ನೋಡಿದರು.

‘ಒಳಗೆ ಬನ್ನಿ ಅಮ್ಮ, ಸ್ವಲ್ಪ ಮಾತಾಡಬೇಕು.’

‘ಬರ್ತೀನಮ್ಮ. ಇವರು ಒಂದು ಪ್ರಶ್ನೆ ಕೇಳವ್ರೆ, ಅದು ಮುಗೀಲಿ.’

ವೈದ್ಯರು ಬಾಗಿಲಲ್ಲೇ ನಿಂತರು. ಮೇಡಂ ಟೆಕ್ನಿಷಿಯನ್ನನ ಕಡೆ ತಿರುಗಿ, ಯಾವ ಅವಸರವೂ ಇಲ್ಲದೆ, ಕರೆಂಟು ಆ ಚುಕ್ಕೆಗಳನ್ನು ಬಳಸಿಕೊಂಡು ಹೇಗೆ ಹರಿಯುತ್ತದೆ, ಸುಳಿ ಯಾಕೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಚುಕ್ಕೆ ಹೆಚ್ಚಾದರೆ ಏನಾಗುತ್ತದೆ ಎಂದು ಹೇಳಿದರು. ಅವನು ಅರ್ಥವಾಯಿತು ಎಂದು ತಲೆಯಾಡಿಸಿದ. ಅವರು ಒಪ್ಪಲಿಲ್ಲ, ಅವನ ಬಾಯಿಂದಲೇ ಒಮ್ಮೆ ಹೇಳಿಸಿದರು. ಅವನು ಹೇಳಿದ್ದು ಸರಿಯಾಗಿತ್ತು.

‘ಹ್ಞೂಂ’ ಎಂದು ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಎಡಗೈಯನ್ನು ನನ್ನ ಕಡೆ ಚಾಚಿದರು. ‘ನಡೀರಿ ಡಾಕ್ಟ್ರೇ, ಈಗ ಅವರು ಹೇಳೋದನ್ನ ಕೇಳನ.’